ವಿದ್ಯುತ್ ಪ್ರವಾಹ, ರೋಧ ಮತ್ತು ತಂತಿಯ ಕಾವು: ಶಿವನಸಮುದ್ರದಿಂದ ಕೋಲಾರ ಚಿನ್ನದ ಗಣಿಯವರೆಗೆ

ಪೀಠಿಕೆ

ಕೋಲಾರ ಜಿಲ್ಲೆಯ ಬಂಗಾರಪೇಟೆ ಹಾಗೂ ಕೆ.ಜಿ.ಎಫ್. ಭಾಗದ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಮತ್ತು ಸಾರ್ವಜನಿಕರಿಗೆ, ವಿದ್ಯುತ್ ಹರಿಯುವಾಗ ತಂತಿಗಳು ಏಕೆ ಕಾಯುತ್ತವೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶವಾಗಿರುತ್ತದೆ. ಈ ವಿಷಯವು ಪರೀಕ್ಷೆಗೆ ಮಾತ್ರ ಸೀಮಿತವಾದುದಲ್ಲ. ಇಲ್ಲಿನ ಚಿನ್ನದ ಗಣಿಗಳಿಗೆ 1902ರಲ್ಲಿ ವಿದ್ಯುತ್ ತಂದ ಮಾರ್ಗವನ್ನು ರೂಪಿಸಿದ ನಿಯಮವೂ, ಇಂದು ಮನೆಯ ಗೋಡೆಯೊಳಗಿನ ತಂತಿಗೆ ಬೆಂಕಿ ಹತ್ತಿಸಬಲ್ಲ ನಿಯಮವೂ ಒಂದೇ ಆಗಿರುತ್ತದೆ.

1. ಮೂಲ ಪರಿಮಾಣಗಳು

ವಾಹಕದ ಮೂಲಕ ವಿದ್ಯುದಾವೇಶವು ಹರಿಯುವ ದರಕ್ಕೆ ವಿದ್ಯುತ್ ಪ್ರವಾಹ ಎನ್ನುತ್ತಾರೆ. ಇದನ್ನು ಆಂಪಿಯರ್‌ಗಳಲ್ಲಿ ಅಳೆಯಲಾಗುತ್ತದೆ. ಆವೇಶವನ್ನು ಮುಂದಕ್ಕೆ ದೂಡುವ ವಿಭವಾಂತರವನ್ನು ವೋಲ್ಟ್‌ಗಳಲ್ಲಿಯೂ, ಹರಿವಿಗೆ ವಾಹಕವು ಒಡ್ಡುವ ರೋಧವನ್ನು ಓಮ್‌ಗಳಲ್ಲಿಯೂ ಅಳೆಯಲಾಗುತ್ತದೆ. ತಾಪವು ಬದಲಾಗದಿದ್ದಲ್ಲಿ, ಲೋಹದ ತಂತಿಯ ಎರಡು ತುದಿಗಳ ನಡುವಿನ ವಿಭವಾಂತರವು ಪ್ರವಾಹ ಮತ್ತು ರೋಧಗಳ ಗುಣಲಬ್ಧಕ್ಕೆ ಸಮ. ಇದು 1827ರಲ್ಲಿ ಜರ್ಮನಿಯ ಜಾರ್ಜ್ ಸೈಮನ್ ಓಮ್ ಅವರು ಪ್ರಕಟಿಸಿದ ನಿಯಮ.

ತಂತಿಯು ಉದ್ದವಾದಷ್ಟೂ ರೋಧ ಹೆಚ್ಚುತ್ತದೆ, ದಪ್ಪವಾದಷ್ಟೂ ಕಡಿಮೆಯಾಗುತ್ತದೆ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತವಿರುವ ತಾಮ್ರದ ತಂತಿಯು ಒಂದು ಕಿಲೋಮೀಟರ್ ಉದ್ದವಿದ್ದರೆ ಅದರ ರೋಧ ಸುಮಾರು 17 ಓಮ್. ಅಷ್ಟೇ ಅಳತೆಯ ಅಲ್ಯೂಮಿನಿಯಂ ತಂತಿಗೆ ಇದು ಇನ್ನೂ ಹೆಚ್ಚು.

2. ಕಾವು ಹುಟ್ಟುವ ಬಗೆ

ಎಲೆಕ್ಟ್ರಾನುಗಳು ಸಾಗುವಾಗ ಲೋಹದ ಅಯಾನುಗಳಿಗೆ ಡಿಕ್ಕಿ ಹೊಡೆದು ತಮ್ಮ ಶಕ್ತಿಯ ಒಂದು ಪಾಲನ್ನು ಅವುಗಳಿಗೆ ಬಿಟ್ಟುಕೊಡುತ್ತವೆ. ಈ ಶಕ್ತಿಯೇ ತಂತಿಯ ಕಾವು. ಪ್ರತಿ ಸೆಕೆಂಡಿಗೆ ಉತ್ಪತ್ತಿಯಾಗುವ ಉಷ್ಣವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟಿರುತ್ತದೆ ಎಂದು ಜೇಮ್ಸ್ ಪ್ರೆಸ್ಕಾಟ್ ಜೂಲ್ ಅವರು 1841ರಲ್ಲಿ ಪ್ರಕಟಿಸಿದರು.

ಇಲ್ಲಿ 'ವರ್ಗ' ಎಂಬ ಪದವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಪ್ರವಾಹವು ಎರಡು ಪಟ್ಟಾದರೆ ಕಾವು ನಾಲ್ಕು ಪಟ್ಟಾಗುತ್ತದೆ. ಹತ್ತು ಪಟ್ಟಾದರೆ ನೂರು ಪಟ್ಟಾಗುತ್ತದೆ.

3. ಶಿವನಸಮುದ್ರ – ಕೆ.ಜಿ.ಎಫ್. ಮಾರ್ಗ

ಮೈಸೂರು ಸಂಸ್ಥಾನದ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಕಾವೇರಿ ನದಿಯ ಶಿವನಸಮುದ್ರ ಜಲಪಾತದಲ್ಲಿ ವಿದ್ಯುತ್ ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸುವ ಯೋಜನೆ ಕೈಗೊಳ್ಳಲಾಯಿತು. ಇದರ ತಾಂತ್ರಿಕ ಹೊಣೆ ಹೊತ್ತವರಲ್ಲಿ ಪ್ರಮುಖರು ಎ.ಸಿ. ಜೋಲಿ ಡಿ ಲಾಟ್ಬಿನಿಯೇರ್. ಶೇಷಾದ್ರಿ ಅಯ್ಯರ್ ಅವರು 1901ರಲ್ಲಿ ನಿಧನರಾದರು; ವಿದ್ಯುತ್ ಗಣಿಗಳಿಗೆ ತಲುಪಿದ್ದು 1902ರ ಜೂನ್ 30ರಂದು. ಬೆಂಗಳೂರಿನ ಬೀದಿಗಳಿಗೆ ಈ ವಿದ್ಯುತ್ತಿನ ದೀಪ ಬಂದದ್ದು ಅನಂತರ, 1905ರಲ್ಲಿ.

ಜಲಪಾತದಿಂದ ಗಣಿಗಳಿಗೆ ಇದ್ದ ದೂರ ಸುಮಾರು 147 ಕಿಲೋಮೀಟರ್. ಇಷ್ಟು ಉದ್ದದ ತಂತಿಗೆ ರೋಧ ಇದ್ದೇ ಇರುತ್ತದೆ. ಆದ್ದರಿಂದ ವಿದ್ಯುತ್ತನ್ನು 35,000 ವೋಲ್ಟ್‌ಗೆ ಏರಿಸಿ ಕಳುಹಿಸಲಾಯಿತು. ಇದರ ಕಾರಣವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಈ ಮಾರ್ಗವು ಮೂರು ಫೇಸ್‌ಗಳದ್ದಾಗಿದ್ದರೂ ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಇಲ್ಲಿ ಎರಡು ತಂತಿಗಳ ಮಾರ್ಗವೆಂದು ಭಾವಿಸಿ, 3,000 ಕಿಲೋವಾಟ್ ಸಾಗಿಸಬೇಕೆಂದೂ ಒಟ್ಟು ರೋಧ 20 ಓಮ್ ಎಂದೂ ಇಟ್ಟುಕೊಳ್ಳಲಾಗಿದೆ.

ಅ) 35,000 ವೋಲ್ಟ್‌ನಲ್ಲಿ ಕಳುಹಿಸಿದರೆ ಪ್ರವಾಹ ಸುಮಾರು 86 ಆಂಪಿಯರ್. ತಂತಿಯಲ್ಲಿ ಕಾವಾಗಿ ನಷ್ಟವಾಗುವುದು ಸುಮಾರು 148 ಕಿಲೋವಾಟ್, ಅಂದರೆ ಶೇಕಡ 5ರಷ್ಟು.

ಆ) 3,500 ವೋಲ್ಟ್‌ನಲ್ಲಿ ಕಳುಹಿಸಬೇಕೆಂದರೆ 857 ಆಂಪಿಯರ್ ಬೇಕು. ಅಷ್ಟು ಪ್ರವಾಹವನ್ನು 20 ಓಮ್ ರೋಧದಲ್ಲಿ ಹರಿಸುವುದಕ್ಕೇ ಸುಮಾರು 17,000 ವೋಲ್ಟ್ ಬೇಕಾಗುತ್ತದೆ. ಇರುವುದು 3,500 ಮಾತ್ರ. ಆದ್ದರಿಂದ ಈ ತಂತಿಯಲ್ಲಿ ಅದು ಸಾಧ್ಯವೇ ಇಲ್ಲ.

ತಂತಿಯ ಕಾವನ್ನು ಸಾಗಣೆ ವೆಚ್ಚವೆಂದು ಭಾವಿಸಬಹುದು. ಸರಕು ಅಷ್ಟೇ ಇದ್ದರೂ ವೋಲ್ಟ್ ಹೆಚ್ಚಿಸಿ ಆಂಪಿಯರ್ ತಗ್ಗಿಸಿದಲ್ಲಿ ವೆಚ್ಚ ಇಳಿಯುತ್ತದೆ. ವೋಲ್ಟ್ ಹೆಚ್ಚಾದರೆ ತಂತಿಯೂ ಹೆಚ್ಚು ಕಾಯಬೇಕಲ್ಲವೇ ಎಂಬ ಸಂದೇಹ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಆದರೆ ಮೇಲಿನ (ಅ) ಲೆಕ್ಕದಲ್ಲಿ ತಂತಿಯ ಉದ್ದಕ್ಕೂ ಕುಸಿಯುವ ವಿಭವಾಂತರ 86 × 20 = 1,720 ವೋಲ್ಟ್ ಮಾತ್ರ; ಉಳಿದುದು ಗಣಿಯ ಯಂತ್ರಗಳ ಪಾಲಿನದು. ಬಂಗಾರಪೇಟೆ ರೈಲು ನಿಲ್ದಾಣದಲ್ಲಿ ಹಳಿಗಳ ಮೇಲ್ಗಡೆ ಕಾಣುವ ತಂತಿಯಲ್ಲಿ 25,000 ವೋಲ್ಟ್ ಇರುವುದಕ್ಕೂ ಇದೇ ಕಾರಣ.

4. ಮನೆಯ ತಂತಿಗಳು

ಮನೆಗೆ ಬರುವ ವಿದ್ಯುತ್ತಿನ ವಿಭವಾಂತರ 230 ವೋಲ್ಟ್ ಎಂದು ನಿಗದಿಯಾಗಿದೆ. ಇಲ್ಲಿ ಅದನ್ನು ಏರಿಸುವಂತಿಲ್ಲ. ಉಪಕರಣ ಹೆಚ್ಚಾದಂತೆ ಹೆಚ್ಚುವುದು ಆಂಪಿಯರ್ ಮಾತ್ರ.

1.5 ಚದರ ಮಿಲಿಮೀಟರ್ ತಾಮ್ರದ ತಂತಿಯನ್ನು 10 ಮೀಟರ್ ದೂರಕ್ಕೆ ಎಳೆದಿದ್ದರೆ, ಹೋಗಿ ಬರುವ 20 ಮೀಟರ್ ಉದ್ದಕ್ಕೆ ರೋಧ ಸುಮಾರು 0.23 ಓಮ್. ದೀಪ, ಫ್ಯಾನ್, ಟಿ.ವಿ. ಸೇರಿ 460 ವಾಟ್ ಬಳಸಿದರೆ ಪ್ರವಾಹ 2 ಆಂಪಿಯರ್. ತಂತಿಯಲ್ಲಿ ಹುಟ್ಟುವ ಕಾವು ಒಂದು ವಾಟ್‌ಗಿಂತ ಕಡಿಮೆ. ಅದೇ ತಂತಿಗೆ 2,000 ವಾಟ್ ಗೀಸರ್, 1,500 ವಾಟ್ ನೀರು ಕಾಯಿಸುವ ಹೀಟರ್ ರಾಡ್ ಮತ್ತು 1,000 ವಾಟ್ ಇಸ್ತ್ರಿಪೆಟ್ಟಿಗೆ ಸೇರಿದರೆ ಪ್ರವಾಹ ಸುಮಾರು 20 ಆಂಪಿಯರ್. ಕಾವು 92 ವಾಟ್. ಗಾಳಿಯಾಡದ ಪೈಪಿನೊಳಗೆ ಈ ಕಾವು ಹೊರಹೋಗಲಾರದೆ ಹೊದಿಕೆ ಮೆತ್ತಗಾಗಿ, ಬಿರುಕುಬಿಟ್ಟು, ಕೊನೆಗೆ ತಂತಿಗಳು ಒಂದಕ್ಕೊಂದು ತಗುಲಿ ಬೆಂಕಿಗೆ ಕಾರಣವಾಗಬಹುದು.

ಸಡಿಲವಾದ ಜೋಡಣೆಯೂ ಇಷ್ಟೇ ಅಪಾಯಕಾರಿ. ಪ್ಲಗ್ಗಿನ ಒಂದು ಬಿಂದುವಿನಲ್ಲಿ ಅರ್ಧ ಓಮ್ ರೋಧವಿದ್ದು 10 ಆಂಪಿಯರ್ ಹರಿದರೆ, ಅಷ್ಟು ಚಿಕ್ಕ ಜಾಗದಲ್ಲಿ 50 ವಾಟ್ ಕಾವು ಹುಟ್ಟುತ್ತದೆ. ಕಪ್ಪಾದ ಸಾಕೆಟ್ಟು ಇದರ ಗುರುತು.

5. ಫ್ಯೂಸಿನ ಕಾರ್ಯ

ಮಿತಿಗಿಂತ ಹೆಚ್ಚು ಪ್ರವಾಹ ಹರಿದಾಗ ಗೋಡೆಯ ತಂತಿಗಿಂತ ಮೊದಲು ತಾನೇ ಕಾದು ಕರಗುವಂತೆ ಆಯ್ದ ತೆಳು ತಂತಿಯೇ ಫ್ಯೂಸ್. ಅದು ಪದೇ ಪದೇ ಹೋಗುತ್ತಿದೆಯೆಂದು ದಪ್ಪ ತಂತಿ ಕಟ್ಟಿದಲ್ಲಿ, ಕರಗುವ ಸರದಿ ಗೋಡೆಯೊಳಗಿನ ತಂತಿಗೆ ಬರುತ್ತದೆ. ಎಂ.ಸಿ.ಬಿ. ಅಳವಡಿಸುವಾಗಲೂ ತಂತಿಯ ಸಾಮರ್ಥ್ಯಕ್ಕೆ ತಕ್ಕುದನ್ನೇ ಆರಿಸತಕ್ಕದ್ದು.

6. ಸಾರ್ವಜನಿಕರಲ್ಲಿ ಮನವಿ

ಗಣಿ ಕಾರ್ಮಿಕರ ಹಳೆಯ ವಸತಿಗಳೂ ಸೇರಿದಂತೆ, ಒಂದೆರಡು ದೀಪಗಳಿಗಾಗಿ ತಂತಿ ಎಳೆದಿದ್ದ ಮನೆಗಳಲ್ಲಿ ವಾಸಿಸುವವರು ಈ ಕೆಳಕಂಡ ಅಂಶಗಳನ್ನು ಪಾಲಿಸಬೇಕೆಂದು ಕೋರಲಾಗಿದೆ.

- ಗೀಸರ್, ಹೀಟರ್ ರಾಡ್ ಮುಂತಾದವುಗಳಿಗೆ ಪ್ರತ್ಯೇಕ ದಪ್ಪ ತಂತಿ ಮತ್ತು 16 ಆಂಪಿಯರ್ ಸಾಕೆಟ್ ಬಳಸುವುದು.
- ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಎರಡು ಕಾಯಿಸುವ ಉಪಕರಣಗಳನ್ನು ಜೋಡಿಸದಿರುವುದು.
- ಪ್ಲಗ್ಗು ಅಥವಾ ತಂತಿ ಬಿಸಿಯಾದಲ್ಲಿ, ಸುಟ್ಟ ವಾಸನೆ ಬಂದಲ್ಲಿ ಮೇನ್ ಸ್ವಿಚ್ ಆರಿಸಿ, ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದ ಪರಿಶೀಲಿಸುವುದು.
- ಕಂಬದ ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಕರೆ ಮಾಡುವುದು.

ಕೆ.ಜಿ.ಎಫ್. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಲ್ಪಟ್ಟವು. ಅವುಗಳಿಗೆ ವಿದ್ಯುತ್ ತಂದ ಇಂಜಿನಿಯರುಗಳು ತಂತಿ ಎಳೆಯುವ ಮುನ್ನ ಆಂಪಿಯರ್ ಲೆಕ್ಕ ಹಾಕಿದ್ದರು. ವಿದ್ಯಾರ್ಥಿಗಳು ತಮ್ಮ ಮನೆಯ ಉಪಕರಣಗಳ ಮೇಲೆ ನಮೂದಿಸಿರುವ ವಾಟ್‌ಗಳನ್ನು ಕೂಡಿ, 230ರಿಂದ ಭಾಗಿಸಿ, ಬಂದ ಉತ್ತರವನ್ನು ಮನೆಯ ಹಿರಿಯರಿಗೆ ತೋರಿಸಬೇಕೆಂದು ಈ ಮೂಲಕ ಕೋರಲಾಗಿದೆ.