ಕಂದು ಹಲ್ಲಿಗೊಂದು ತೆಳು ಹೊದಿಕೆ

ಪಾವಗಡ, ಮುಂಡರಗಿ, ಬಾಗೇಪಲ್ಲಿ ಸೀಮೆಯಲ್ಲಿ ಕೊಳವೆಬಾವಿ ನೀರು ಕುಡಿದು ಬೆಳೆದ ಅನೇಕರ ಮುಂದಿನ ಹಲ್ಲುಗಳಲ್ಲಿ ಕಂದು ಪಟ್ಟೆಗಳಿರುತ್ತವೆ. ಎಷ್ಟು ಉಜ್ಜಿದರೂ ಅವು ಹೋಗುವುದಿಲ್ಲ. ಹಲ್ಲುಜ್ಜದ ಸೋಮಾರಿಗಳೆಂದು ಊರಾಚೆಯವರು ತಿಳಿಯುತ್ತಾರೆ. ಕಾಲೇಜಿಗೆ ಹೋಗುವ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಾಳೆ. ಅವಳ ತಪ್ಪು ಏನೇನೂ ಇಲ್ಲ.

ಮೇಲ್ದವಡೆಯ ನಡುವಿನ ಬಾಚಿಹಲ್ಲುಗಳ ಎನಾಮಲ್ ಒಸಡಿನೊಳಗೆ ತಯಾರಾಗುವುದು ಮಗುವಿನ ಮೊದಲ ನಾಲ್ಕೈದು ವರ್ಷಗಳಲ್ಲಿ. ಆಗ ಕುಡಿದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಎನಾಮಲ್ಲಿನ ಒಳಪದರಕ್ಕೆ ಖನಿಜ ಸರಿಯಾಗಿ ತುಂಬಿಕೊಳ್ಳದೆ ಅದು ಜಾಳಾಗಿ ಉಳಿಯುತ್ತದೆ. ಹಲ್ಲು ಮೂಡಿದ ಮೇಲೆ ಆ ಸೂಕ್ಷ್ಮ ರಂಧ್ರಗಳಿಗೆ ಬಣ್ಣ ಇಳಿದು ಬಿಳಿ ಮಚ್ಚೆ ಕಂದಾಗುತ್ತದೆ. ಇದೇ ದಂತ ಫ್ಲೋರೋಸಿಸ್. ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ದಂತವೈದ್ಯ ಫ್ರೆಡರಿಕ್ ಮೆಕೇ ಈ ಕಲೆಯನ್ನು ಗಮನಿಸಿದ್ದು 1901ರಲ್ಲಿ. ಕಾರಣ ಫ್ಲೋರೈಡ್ ಎಂದು ತಿಳಿಯಲು 1931ರವರೆಗೆ ಕಾಯಬೇಕಾಯಿತು. ನಮ್ಮ ದೇಶದ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5.

ಕಲೆ ತಿಳಿಯಾಗಿದ್ದರೆ ಆಮ್ಲ ಬೆರೆತ ಪುಡಿಯಿಂದ ಮೇಲ್ಪದರವನ್ನು ತುಸು ತಿಕ್ಕಿದರೂ ಸಾಕಾಗುತ್ತದೆ. ಗಾಢವಾಗಿದ್ದರೆ ಹಲ್ಲಿನ ಮುಂಭಾಗಕ್ಕೆ ಹೊದಿಕೆ ಬೇಕು. ಅದಕ್ಕೇ ವಿನಿಯರ್ ಎನ್ನುತ್ತಾರೆ. ಪಿಂಗಾಣಿಯದು ಲ್ಯಾಬಿನಲ್ಲಿ ತಯಾರಾಗಿ ಬರುತ್ತದೆ, ದುಬಾರಿ. ಕಾಂಪೋಸಿಟ್ ವಿನಿಯರನ್ನು ದಂತವೈದ್ಯರು ಕುರ್ಚಿಯ ಪಕ್ಕದಲ್ಲೇ ಹಲ್ಲಿನ ಮೇಲೆ ಪದರ ಪದರವಾಗಿ ಕಟ್ಟುತ್ತಾರೆ. ಕಾಂಪೋಸಿಟ್ ಎಂದರೆ ರಾಳದಲ್ಲಿ ಅತಿ ನುಣ್ಣನೆಯ ಗಾಜಿನ ಕಣಗಳನ್ನು ಕಲಸಿದ ಮೆತ್ತನೆಯ ವಸ್ತು. ಇಂದಿಗೂ ಬಹಳಷ್ಟು ಕಾಂಪೋಸಿಟ್‌ಗಳಲ್ಲಿರುವ ರಾಳವನ್ನು ರೂಪಿಸಿದವರು ರಫೇಲ್ ಬೋವೆನ್. ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1962ರಲ್ಲಿ.

ಆದರೆ ನುಣುಪಾದ ಹಲ್ಲಿಗೆ ರಾಳ ಅಂಟುವುದು ಹೇಗೆ? ಉತ್ತರ ಇರುವುದು ಆಮ್ಲದಲ್ಲಿ.  ಕಿತ್ತಳೆ ರಸವನ್ನು ದಿನವಿಡೀ ಗುಟುಕರಿಸುತ್ತಿದ್ದರೆ ಎನಾಮಲ್ ನಿಧಾನವಾಗಿ ಕರಗುತ್ತದೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಖನಿಜ ಬಿಟ್ಟುಕೊಡುವುದು ಎನಾಮಲ್ಲಿನ ಗುಣ. 1955ರಲ್ಲಿ ಮೈಕೆಲ್ ಬ್ಯೂನೊಕೋರ್ ಈ ದೌರ್ಬಲ್ಯವನ್ನೇ ಉಪಯೋಗಕ್ಕೆ ತಂದರು. ಫಾಸ್ಫಾರಿಕ್ ಆಮ್ಲ ಹಚ್ಚಿದ ಎನಾಮಲ್‌ಗೆ ರಾಳ ಗಟ್ಟಿಯಾಗಿ ಹಿಡಿಯುತ್ತದೆಂದು ತೋರಿಸಿದರು. ನುಣುಪು ಗೋಡೆಗೆ ಗಾರೆ ನಿಲ್ಲಲೆಂದು ಮೇಸ್ತ್ರಿ ಮೊದಲು ಉಳಿಯಿಂದ ಕಚ್ಚು ಹಾಕುವ ಹಾಗೆ ಇದು. ಈಗ ಬಳಸುವುದು ಸುಮಾರು 37 ಶೇಕಡಾ ಆಮ್ಲದ ಜೆಲ್, ಹದಿನೈದರಿಂದ ಮೂವತ್ತು ಸೆಕೆಂಡು. ತೊಳೆದು ಒಣಗಿಸಿದಾಗ ಹೊಳಪಿನ ಹಲ್ಲು ಮಂಜು ಕವಿದಂತೆ ಬೆಳ್ಳಗಾಗಿದ್ದರೆ ಕಚ್ಚು ಬಿದ್ದಿದೆ ಎಂದರ್ಥ. ಫ್ಲೋರೋಸಿಸ್ ಹಲ್ಲಿನಲ್ಲಿ ಇಲ್ಲೊಂದು ತೊಡಕಿದೆ. ಒಳಗೆ ಜಾಳಾಗಿದ್ದರೂ ಅದರ ತೀರಾ ಹೊರಗಿನ ಪದರ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಹಾಗಾಗಿ ಆಮ್ಲವನ್ನು ಹೆಚ್ಚು ಹೊತ್ತು ಬಿಡಬೇಕು, ಇಲ್ಲವೇ ಆ ಪದರವನ್ನು ಕೂದಲೆಳೆಯಷ್ಟು ಉಜ್ಜಿ ತೆಗೆಯಬೇಕು.

ಕುಶಲತೆ ಬೇಕಾಗುವುದು ಬಣ್ಣದ ವಿಷಯದಲ್ಲಿ. ಹಲ್ಲು ಒಣಗಿದರೆ ಇನ್ನಷ್ಟು ಬಿಳಿಯಾಗಿ ಕಾಣುತ್ತದೆ, ಆದ್ದರಿಂದ ಬಣ್ಣವನ್ನು ಎಂಜಲಿನ ತೇವ ಇರುವಾಗಲೇ, ಕೆಲಸ ಶುರುವಾಗುವ ಮೊದಲೇ ಹೊಂದಿಸಬೇಕು. ಕಂದು ಕಲೆ ಮರೆಯಾಗಲು ಮೊದಲು ಬೆಳಕು ತೂರದ ಪದರ; ಅದು ದಪ್ಪವಾದರೆ ಹಲ್ಲು ನಿರ್ಜೀವವಾಗಿ ಕಾಣುತ್ತದೆ. ಅದರ ಮೇಲೆ ಎನಾಮಲ್ ಕೆಳಗಿನ ಪದರವಾದ ಡೆಂಟಿನ್‌ನ ಬಣ್ಣ, ಕೊನೆಗೆ ಎನಾಮಲ್‌ನಂತೆ ಅರೆಪಾರದರ್ಶಕ ಪದರ. ಪ್ರತಿ ಪದರಕ್ಕೂ ನೀಲಿ ಬೆಳಕು ಹಾಯಿಸುತ್ತಾರೆ. ಸುಮಾರು 470 ನ್ಯಾನೋಮೀಟರಿನ ಆ ಬೆಳಕನ್ನು ರಾಳದಲ್ಲಿರುವ ಕ್ಯಾಂಫರ್‌ಕ್ವಿನೋನ್ ಹೀರಿಕೊಂಡು ಅಣುಗಳನ್ನು ಸರಪಳಿಯಾಗಿ ಬೆಸೆಯುತ್ತದೆ. ಪದರ 2 ಮಿಲಿಮೀಟರಿಗಿಂತ ದಪ್ಪವಾದರೆ ಬೆಳಕು ತಳ ಮುಟ್ಟದೆ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಗಟ್ಟಿಯಾಗುವಾಗ ರಾಳ ಕುಗ್ಗುವುದರಿಂದಲೂ ಸ್ವಲ್ಪ ಸ್ವಲ್ಪವಾಗಿ ಕಟ್ಟುವುದೇ ಸರಿ. ಕೊನೆಯಲ್ಲಿ ಡಿಸ್ಕಿನಿಂದ ತೀಡಿ, ಎಳೆಯ ಹಲ್ಲಿನಲ್ಲಿರುವ ನವಿರು ಗೆರೆಗಳನ್ನು ಮೂಡಿಸಿ ಪಾಲಿಶ್ ಮಾಡಿದರೆ ಪಕ್ಕದ ಹಲ್ಲಿನ ಹಾಗೆಯೇ ಬೆಳಕು ಚಿಮ್ಮುತ್ತದೆ.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಹಲ್ಲುನೋವಿಗೆ ಹಾಕುವ ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ರಾಳ ಗಟ್ಟಿಯಾಗುವುದನ್ನು ತಡೆಯುತ್ತದೆ. ಅದನ್ನು ಹಚ್ಚಿಕೊಂಡಿದ್ದರೆ ವೈದ್ಯರಿಗೆ ತಿಳಿಸಿ. ಬ್ಲೀಚಿಂಗ್ ಮಾಡಿಸಿದ್ದರೆ ವಿನಿಯರ್‌ಗೆ ಎರಡು ವಾರವಾದರೂ ಬಿಡುವು ಕೊಡಿ, ಹಲ್ಲಿನಲ್ಲಿ ಉಳಿದ ಆಮ್ಲಜನಕ ಅಂಟನ್ನು ಸಡಿಲಿಸುತ್ತದೆ.

ಕಾಂಪೋಸಿಟ್ ಶಾಶ್ವತವಲ್ಲ. ಚಹಾ, ಅರಿಸಿನ, ಎಲೆ-ಅಡಿಕೆಯ ಬಣ್ಣ ಹಿಡಿಯುತ್ತದೆ; ಉಗುರು, ಪೆನ್ನು ಕಚ್ಚಿದರೆ ಅಂಚು ಸಿಡಿಯುತ್ತದೆ. ಕೆಲವು ವರ್ಷಗಳಿಗೊಮ್ಮೆ ಪಾಲಿಶ್ ಅಥವಾ ದುರಸ್ತಿ ಬೇಕಾಗುತ್ತದೆ. ಹಾಗಿದ್ದೂ ಇಪ್ಪತ್ತರ ಹರೆಯದವರಿಗೆ ನನ್ನ ಮತ ಇದಕ್ಕೇ. ಒಮ್ಮೆ ಕೊರೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ; ಕಾಂಪೋಸಿಟ್‌ಗೆ ಅದನ್ನು ಕೊರೆಯುವುದು ಅತಿ ಕಡಿಮೆ, ಕೆಲವೊಮ್ಮೆ ಕೊರೆಯುವುದೇ ಬೇಡ. ಎಷ್ಟು ಎನಾಮಲ್ ತೆಗೆಯುತ್ತೀರಿ ಎಂದು ಕೆಲಸಕ್ಕೆ ಮೊದಲೇ ಕೇಳಿ.

ಮನೆಯಲ್ಲಿ ಪುಟ್ಟ ಮಗುವಿದ್ದು ಕೊಳವೆಬಾವಿ ನೀರೇ ಗತಿಯಾಗಿದ್ದರೆ ಆ ನೀರನ್ನು ಜಿಲ್ಲಾ ಪ್ರಯೋಗಾಲಯದಲ್ಲಿ ಈಗಲೇ ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ.