ಮಂದ್ರಸ್ವರಕ್ಕೊಂದು ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಈ ಎರಡು ಕಷ್ಟಗಳನ್ನೂ ಒಮ್ಮೆಗೇ ತಲೆಯ ಮೇಲೆ ಹೊತ್ತುಕೊಂಡು ನಲಿಯುವ ಉತ್ಸಾಹಿಗಳ ಪಂಗಡವೊಂದು ಅಮೆರಿಕದಲ್ಲಿದೆ. ಅವರು ಕಟ್ಟುವ ಮನೆ ಮರದ ಒಂದು ಪೆಟ್ಟಿಗೆ; ಆ ಮನೆಗೆ ತಂದುಕೊಳ್ಳುವ ಸೊಸೆ ‘ಸಬ್‌ವೂಫರ್’ ಎಂಬ ಧ್ವನಿವರ್ಧಕ; ಸಂಸಾರ ನಡೆಯಬೇಕಾದ ಸ್ಥಳವೋ, ‘ಪಿಕಪ್’ ಎಂಬ ಗಾಡಿಯ ಹಿಂದಿನ ಆಸನದ ಬೆನ್ನಿಗಿರುವ ಗೇಣಗಲದ ಸಂದಿ!

ಕೆಲಸಕ್ಕೋ ವ್ಯಾಸಂಗಕ್ಕೋ ಆ ದೇಶಕ್ಕೆ ಹೋಗಿ ನೆಲೆಸಿದ ಮಗನೋ ಅಳಿಯನೋ ನಮ್ಮ ಎಷ್ಟೋ ಮನೆಗಳಲ್ಲಿದ್ದಾನೆ. ಅವನು ರಜೆಯ ದಿನ ಹಲಗೆ ಕೊಯ್ಯುತ್ತ ಕುಳಿತಿದ್ದಾನೆಂದು ತಿಳಿದರೆ ಇಲ್ಲಿಯ ಹಿರಿಯರಿಗೆ ಅಚ್ಚರಿಯಾಗುವುದು ಸಹಜ. ಆದರೆ ಆ ಪೆಟ್ಟಿಗೆಯಲ್ಲಿ ಅಡಗಿರುವ ಶಾಸ್ತ್ರವನ್ನು ಅರಿತರೆ ಅಚ್ಚರಿ ಆದರಕ್ಕೆ ತಿರುಗೀತು.

ಸರಕಿನ ಗಾಡಿ ಸಂಸಾರದ ಗಾಡಿಯಾದದ್ದು

ಮುಂದೆ ಚಾಲಕನ ಕೋಣೆ, ಹಿಂದೆ ಸರಕಿಗಾಗಿ ತೆರೆದ ತೊಟ್ಟಿ: ಇದೇ ಪಿಕಪ್ಪಿನ ಸ್ವರೂಪ. ೧೯೨೫ರಲ್ಲಿ ಫೋರ್ಡ್ ಕಂಪನಿ ತನ್ನ ಸುಪ್ರಸಿದ್ಧ ‘ಮಾಡೆಲ್ ಟಿ’ ಕಾರಿಗೆ ಇಂತಹ ತೊಟ್ಟಿಯನ್ನು ಕಾರ್ಖಾನೆಯಲ್ಲಿಯೇ ಜೋಡಿಸಿ ೨೮೧ ಡಾಲರಿಗೆ ಮಾರಲಾರಂಭಿಸಿತು. ಆಗ ಅದು ರೈತರ, ಕಸುಬುದಾರರ ಗಾಡಿ. ೧೯೭೩ರಲ್ಲಿ ಡಾಡ್ಜ್ ಕಂಪನಿಯೂ ಮರುವರ್ಷ ಫೋರ್ಡ್ ಕಂಪನಿಯೂ ಚಾಲಕನ ಕೋಣೆಯನ್ನು ಹಿಂದಕ್ಕೆ ಹಿಗ್ಗಿಸಿ, ಆಸನದ ಹಿಂದೆ ಇನ್ನಷ್ಟು ಸ್ಥಳ ಮಾಡಿಕೊಟ್ಟವು. ಅನಂತರ ನಾಲ್ಕು ಬಾಗಿಲುಗಳೂ ಸಾಮಾನ್ಯವಾದವು. ಮಡದಿ ಮಕ್ಕಳು ಬಂದು ಕುಳಿತರು. ಸರಕಿನ ಗಾಡಿ ಸಂಸಾರದ ಗಾಡಿಯಾಯಿತು.

ಸಂಸಾರ ಬಂದಲ್ಲಿ ಸಂಗೀತವೂ ಬರಬೇಕಷ್ಟೆ? ಇಲ್ಲಿಯೇ ತೊಡಕು. ಸಾಧಾರಣ ಕಾರಿಗೆ ಹಿಂಬದಿಯಲ್ಲಿ ಮುಚ್ಚಳವುಳ್ಳ ಸಾಮಾನಿನ ಡಿಕ್ಕಿಯಿರುತ್ತದೆ. ಎಷ್ಟು ದೊಡ್ಡ ಪೆಟ್ಟಿಗೆಯನ್ನಾದರೂ ಅಲ್ಲಿ ಇರಿಸಬಹುದು. ಪಿಕಪ್ಪಿನ ಹಿಂಬದಿಯೋ ಬಿಸಿಲು ಮಳೆಗಳಿಗೆ ತೆರೆದ ಬಯಲು. ಪೆಟ್ಟಿಗೆ ಏನಿದ್ದರೂ ಆಸನದ ಬೆನ್ನಿಗೆ, ಇಲ್ಲವೇ ಆಸನದ ಅಡಿಗೆ ಹುದುಗಿ ಕೂರಬೇಕು.

ಮಂದ್ರವೇಕೆ ದುರ್ಲಭ?

ಮಾನವನ ಕಿವಿ ಸೆಕೆಂಡಿಗೆ ೨೦ ಕಂಪನಗಳಿಂದ ಹಿಡಿದು ೨೦,೦೦೦ ಕಂಪನಗಳವರೆಗಿನ ನಾದವನ್ನು ಗ್ರಹಿಸಬಲ್ಲದು. ಇದರಲ್ಲಿ ಸುಮಾರು ೮೦ ಕಂಪನಗಳಿಗಿಂತ ಕೆಳಗಿನದೇ ಸಬ್‌ವೂಫರಿನ ರಾಜ್ಯ. ತಗ್ಗಿದ ಸ್ವರವನ್ನು ಗಟ್ಟಿಯಾಗಿ ಕೇಳಿಸಬೇಕಾದರೆ ಹೇರಳವಾದ ಗಾಳಿಯನ್ನು ಹಿಂದಕ್ಕೂ ಮುಂದಕ್ಕೂ ದೂಡಬೇಕು. ಗಾಡಿಯ ಬಾಗಿಲುಗಳಲ್ಲಿ ಅಳವಡಿಸಿದ ಅಂಗೈಯಗಲದ ಧ್ವನಿವರ್ಧಕಗಳಿಗೆ ಅಷ್ಟು ತ್ರಾಣವಿಲ್ಲ. ಸಾಲದುದಕ್ಕೆ ಚಕ್ರಗಳ ಮೊರೆತ, ಯಂತ್ರದ ಗುಡುಗು ಇವೂ ಬಹುಮಟ್ಟಿಗೆ ಮಂದ್ರಸ್ಥಾಯಿಯವೇ. ಅವು ಹಾಡಿನ ಮಂದ್ರವನ್ನು ನುಂಗಿಬಿಡುತ್ತವೆ. ಮೃದಂಗದ ಎಡಮುಖವೇ ಕೇಳಿಸದ ಕಚೇರಿಯನ್ನು ವಾಚಕರು ಊಹಿಸಿಕೊಳ್ಳಲಿ. ಸಂಗೀತವಿದೆ, ಅದಕ್ಕೆ ನೆಲಗಟ್ಟಿಲ್ಲ!

ಹಾಗಾದರೆ ದೊಡ್ಡದೊಂದು ಧ್ವನಿವರ್ಧಕವನ್ನು ತಂದು ಹಾಗೆಯೇ ನಿಲ್ಲಿಸಿದರೆ ಸಾಲದೆ? ಸಾಲದು. ಇಂದು ನಾವು ಬಳಸುವ ಮಾದರಿಯ ಧ್ವನಿವರ್ಧಕವನ್ನು ೧೯೨೫ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬವರು ರೂಪಿಸಿ ಪ್ರಕಟಿಸಿದರು. ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿದ ಶಂಕುವಿನಾಕಾರದ ಪೊರೆ. ಪೊರೆ ಮುಂದೆ ಸರಿದಾಗ ಅದರ ಮುಂದಣ ಗಾಳಿ ಒತ್ತಲ್ಪಡುತ್ತದೆ. ಅದೇ ಗಳಿಗೆಯಲ್ಲಿ ಹಿಂದಣ ಗಾಳಿ ಸಡಿಲಗೊಳ್ಳುತ್ತದೆ. ಮಂದ್ರದ ಅಲೆ ಬಲು ಉದ್ದ. ಸೆಕೆಂಡಿಗೆ ೪೦ ಕಂಪನಗಳ ನಾದಕ್ಕೆ ಒಂದೊಂದು ಅಲೆ ಸುಮಾರು ೨೮ ಅಡಿ. ಇಷ್ಟು ಉದ್ದದ ಅಲೆ ಪೊರೆಯ ಅಂಚನ್ನು ಬಳಸಿ ಹಿಂದಿನ ಅಲೆಯನ್ನು ಕೂಡಿಕೊಳ್ಳುತ್ತದೆ. ಒಂದು ಇನ್ನೊಂದನ್ನು ಅಳಿಸಿಹಾಕುತ್ತದೆ. ಬಲಗೈ ಕೊಟ್ಟದ್ದನ್ನು ಎಡಗೈ ಕಸಿದುಕೊಂಡಂತೆ! ಇವೆರಡನ್ನೂ ಬೇರ್ಪಡಿಸುವ ಗೋಡೆಯೇ ಪೆಟ್ಟಿಗೆ. ಆದಕಾರಣ ಪೆಟ್ಟಿಗೆಯೆಂಬುದು ಧ್ವನಿವರ್ಧಕಕ್ಕೆ ತೊಡಿಸಿದ ಅಂಗಿಯಲ್ಲ. ವಾದ್ಯದ ಅರ್ಧಾಂಗವೇ ಸರಿ.

ಮುಚ್ಚಿದ ಮನೆ, ತೆರೆದ ಮನೆ

ಪೆಟ್ಟಿಗೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಎಲ್ಲ ಕಡೆಯಿಂದಲೂ ಮುಚ್ಚಿದ್ದು. ೧೯೫೪ರಲ್ಲಿ ಅಮೆರಿಕದ ಎಡ್ಗರ್ ವಿಲ್ಚುರ್ ಎಂಬಾತ ಪೆಟ್ಟಿಗೆಯೊಳಗೆ ಸೆರೆಯಾದ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡು, ಚಿಕ್ಕ ಪೆಟ್ಟಿಗೆಯಿಂದಲೂ ಗಂಭೀರವಾದ ಮಂದ್ರವನ್ನು ಹೊರಡಿಸಬಹುದೆಂದು ತೋರಿಸಿದನು. ಅದುವರೆಗೆ ಅಂತಹ ನಾದಕ್ಕೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಾಗಿತ್ತು.

ಎರಡನೆಯದು ಒಂದು ಕೊಳವೆಯ ಮೂಲಕ ಹೊರಕ್ಕೆ ತೆರೆದದ್ದು. ಬೆಲ್ ಪ್ರಯೋಗಾಲಯದ ಥುರಾಸ್ ಎಂಬಾತ ೧೯೩೦ರ ಸುಮಾರಿನಲ್ಲಿ ಕಲ್ಪಿಸಿದ ಉಪಾಯವಿದು. ಖಾಲಿ ಸೀಸೆಯ ಬಾಯಿಗೆ ತುಟಿಯಿಟ್ಟು ಊದಿದರೆ ಹೂಂಕಾರವೊಂದು ಹೊರಡುವುದಿಲ್ಲವೆ? ನಮ್ಮ ಘಟವಾದ್ಯದ ಬಾಯನ್ನು ವಿದ್ವಾಂಸರು ಹೊಟ್ಟೆಗೆ ಒತ್ತಿ, ತೆಗೆದು ನಾದವನ್ನು ಬದಲಿಸುವುದಿಲ್ಲವೆ? ಅದೇ ತತ್ತ್ವ ಇಲ್ಲಿಯೂ. ಕೊಳವೆಯ ಗಾಳಿ ಒಂದು ನಿಯತ ಸ್ವರಕ್ಕೆ ತಾನೂ ಮಿಡಿದು ಪೊರೆಯ ಹೊರೆಯನ್ನು ಹಂಚಿಕೊಳ್ಳುತ್ತದೆ. ಅದೇ ವಿದ್ಯುತ್ತಿಗೆ ನಾದ ಹೆಚ್ಚುತ್ತದೆ. ಆದರೆ ಆ ಸ್ವರಕ್ಕಿಂತ ಕೆಳಗೆ ಇಳಿದರೆ ಪೊರೆಗೆ ಗಾಳಿಯ ಆಸರೆ ತಪ್ಪಿ, ಅದು ಅಂಕೆಯಿಲ್ಲದೆ ಕುಣಿದು ಹಾನಿಗೀಡಾಗುವುದುಂಟು.

ಪಿಕಪ್ಪಿಗೆ ಯಾವುದು ಲೇಸು? ಲೆಕ್ಕವೇ ಉತ್ತರ ಹೇಳುತ್ತದೆ. ೨೦ ಲೀಟರ್ ಒಳಗಾತ್ರದ ಪೆಟ್ಟಿಗೆಯನ್ನು ೩೫ ಕಂಪನಗಳಿಗೆ ಶ್ರುತಿಗೊಳಿಸಲು ಏಳೂವರೆ ಸೆಂಟಿಮೀಟರ್ ವ್ಯಾಸದ ಕೊಳವೆ ಸುಮಾರು ೪೮ ಸೆಂಟಿಮೀಟರ್ ಉದ್ದವಿರಬೇಕು. ಗೇಣಗಲದ ಪೆಟ್ಟಿಗೆಯಲ್ಲಿ ಅದನ್ನು ಬಾಗಿಸಿ ತುರುಕಬೇಕು. ಅದು ನುಂಗುವ ಎರಡು ಲೀಟರಿಗೂ ಹೆಚ್ಚಿನ ಸ್ಥಳವನ್ನು ಬೇರೆ ತೆರಬೇಕು. ಮುಚ್ಚಿದ ಪೆಟ್ಟಿಗೆಗೆ ಈ ರಗಳೆಯಿಲ್ಲ.

ಇದರ ಮೇಲೆ ಪ್ರಕೃತಿಯೇ ನೀಡುವ ಉಡುಗೊರೆಯೊಂದಿದೆ. ಮುಚ್ಚಿದ ಪೆಟ್ಟಿಗೆಯ ನಾದವು ತನ್ನ ಅನುರಣನ ಸ್ವರದಿಂದ ಒಂದು ಸ್ಥಾಯಿ ಕೆಳಗಿಳಿದಂತೆಲ್ಲ ೧೨ ಡೆಸಿಬೆಲ್ ಕುಗ್ಗುತ್ತದೆ. ಆದರೆ ಅಲೆಯ ಅರ್ಧದಷ್ಟೂ ಉದ್ದವಿಲ್ಲದ ಮುಚ್ಚಿದ ಕೋಣೆಯಲ್ಲಿ ಗಾಳಿಯ ಒತ್ತಡ ಅದೇ ಪ್ರಮಾಣದಲ್ಲಿ ಏರುತ್ತದೆ. ಎರಡೂವರೆ ಮೀಟರ್ ಉದ್ದದ ಕೋಣೆಗೆ ಈ ಏರಿಕೆ ಸುಮಾರು ೭೦ ಕಂಪನಗಳ ಕೆಳಗೆ ಮೊದಲಾಗುತ್ತದೆ. ಬಾಗಿಲು ಕಿಟಕಿಗಳ ಸಂದುಗಳಲ್ಲಿ ಒಂದಿಷ್ಟು ಸೋರಿಹೋದರೂ ಪೆಟ್ಟಿಗೆ ಕಳೆದುಕೊಂಡದ್ದನ್ನು ಕೋಣೆ ಬಹುಮಟ್ಟಿಗೆ ತುಂಬಿಕೊಡುತ್ತದೆ. ಮನೆಯ ಹಜಾರದಲ್ಲಿ ಬಡವೆನಿಸುವ ಚಿಕ್ಕ ಪೆಟ್ಟಿಗೆ ಗಾಡಿಯಲ್ಲಿ ಸಿರಿವಂತೆಯಾಗುವ ರಹಸ್ಯವಿದು.

ಕುಲಾವಿಗೆ ಮೊದಲು ಕೂಸು

ಬಹು ಜನ ಮಾಡುವುದೇನೆಂದರೆ, ಅಂಗಡಿಯಲ್ಲಿ ಥಳಥಳಿಸುವ ೧೨ ಅಂಗುಲದ ಜೋಡಿಯನ್ನು ಮೊದಲು ಕೊಂಡುಬಿಡುತ್ತಾರೆ. ಆಮೇಲೆ ಅದಕ್ಕೆ ಸ್ಥಳ ಹುಡುಕುತ್ತಾರೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ! ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದುದು ಇಲ್ಲಿಯ ಮೊದಲ ಸೂತ್ರ. ಮೊದಲು ಅಳತೆ, ಆಮೇಲೆ ಖರೀದಿ.

ಒಂದು ಉದಾಹರಣೆ. ಆಸನದ ಬೆನ್ನು ಓರೆಯಾಗಿರುವುದರಿಂದ ಪೆಟ್ಟಿಗೆಯೂ ಬೆಣೆಯಂತೆ ಓರೆಯಾಗಿರಬೇಕು. ಅದರ ಒಳ ಅಗಲ ೯೦, ಎತ್ತರ ೩೬ ಸೆಂಟಿಮೀಟರ್. ಆಳ ಬುಡದಲ್ಲಿ ೧೬, ತುದಿಯಲ್ಲಿ ೧೦ ಎನ್ನೋಣ. ಆಳದ ಸರಾಸರಿ ೧೩. ಮೂರನ್ನೂ ಗುಣಿಸಿದರೆ ಸುಮಾರು ೪೨ ಲೀಟರ್. ನಡುವೆ ಒಂದು ಅಡ್ಡಗೋಡೆಯಿಟ್ಟು ಎರಡು ಮನೆ ಮಾಡಿ, ಧ್ವನಿವರ್ಧಕದ ಬೆನ್ನು ಆಕ್ರಮಿಸುವ ಸ್ಥಳವನ್ನು ಕಳೆದರೆ ಒಂದೊಂದಕ್ಕೆ ಸುಮಾರು ೨೦ ಲೀಟರ್ ದಕ್ಕುತ್ತದೆ. ೧೨ ಅಂಗುಲದ್ದಕ್ಕೆ ಇದು ಸಾಮಾನ್ಯವಾಗಿ ಇಕ್ಕಟ್ಟು. ಆಳ ಕಡಿಮೆಯಿರುವಂತೆ ತಯಾರಿಸಿದ ೧೦ ಅಂಗುಲದ್ದು ನೆಮ್ಮದಿಯಾಗಿ ಬಾಳೀತು.

ಇನ್ನು ಜಾತಕ ನೋಡುವ ಶಾಸ್ತ್ರ. ಆಸ್ಟ್ರೇಲಿಯದ ನೆವಿಲ್ ಥೀಲ್ ೧೯೬೧ರಲ್ಲಿಯೂ ಅನಂತರ ೧೯೭೦ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಎಂಬಾತನೂ ಧ್ವನಿವರ್ಧಕದ ಗುಣಗಳನ್ನು ಕೆಲವು ಅಂಕಿಗಳಲ್ಲಿ ಹಿಡಿದಿಟ್ಟರು. ಇಂದು ಆ ಅಂಕಿಗಳು ಧ್ವನಿವರ್ಧಕದ ಜೊತೆಯ ಹಾಳೆಯಲ್ಲಿಯೇ ಅಚ್ಚಾಗಿರುತ್ತವೆ. ಅವುಗಳಲ್ಲಿ ಮೂರನ್ನು ನೋಡಿದರೆ ಸಾಕು. ಪೊರೆಯ ಸಹಜ ಸ್ವರವೆಷ್ಟು; ಅದರ ಕುಣಿತಕ್ಕಿರುವ ಕಡಿವಾಣವೆಷ್ಟು; ಅದರ ಬಿಗುವು ಎಷ್ಟು ಲೀಟರ್ ಗಾಳಿಯ ಬಿಗುವಿಗೆ ಸಮ. ಸಹಜ ಸ್ವರ ೩೫, ಕಡಿವಾಣದ ಅಂಕಿ ೦.೫, ಗಾಳಿಯ ಸಮಾನತೆ ೨೦ ಲೀಟರ್ ಇದ್ದು, ಪೆಟ್ಟಿಗೆಯೂ ೨೦ ಲೀಟರ್ ಆದರೆ, ಮೊದಲ ಎರಡೂ ಎರಡರ ವರ್ಗಮೂಲದಷ್ಟು ಹೆಚ್ಚುತ್ತವೆ. ಸ್ವರ ಸುಮಾರು ೫೦ಕ್ಕೆ, ಅಂಕಿ ೦.೭ಕ್ಕೆ ಏರುತ್ತದೆ. ಈ ೦.೭ ಎಂಬುದೇ ಹದವಾದ ನಾದ. ಅದೇ ಧ್ವನಿವರ್ಧಕವನ್ನು ೧೦ ಲೀಟರಿನಲ್ಲಿ ಬಂಧಿಸಿದರೆ ಸ್ವರ ೬೦ನ್ನು ದಾಟುತ್ತದೆ, ಅಂಕಿ ೦.೮೭ ಆಗುತ್ತದೆ, ಆಗ ಗಾಂಭೀರ್ಯ ಹೋಗಿ ‘ಢಬಢಬ’ ಮಾತ್ರ ಉಳಿಯುತ್ತದೆ.

ವ್ಯಾಟುಗಳ ಮೋಹವೂ ಬೇಡ. ಶಕ್ತಿ ಇಮ್ಮಡಿಯಾದರೆ ನಾದ ಹೆಚ್ಚುವುದು ಕೇವಲ ೩ ಡೆಸಿಬೆಲ್. ಕಿವಿಗೆ ಇಮ್ಮಡಿಯೆನಿಸಬೇಕಾದರೆ ಸುಮಾರು ೧೦ ಡೆಸಿಬೆಲ್, ಎಂದರೆ ಹತ್ತು ಪಟ್ಟು ಶಕ್ತಿ ಬೇಕು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ‘ಗರಿಷ್ಠ’ ಅಂಕಿಯನ್ನು ಬಿಟ್ಟು, ಎಡೆಬಿಡದೆ ತಾಳಬಲ್ಲ ‘ಆರ್.ಎಂ.ಎಸ್.’ ಅಂಕಿಯನ್ನೇ ನೋಡುವುದು ವಿವೇಕ.

ಬಡಗಿಯ ಕೆಲಸ

ಪೆಟ್ಟಿಗೆಗೆ ೧೮ ಮಿಲಿಮೀಟರ್ ದಪ್ಪದ ಎಂ.ಡಿ.ಎಫ್. ಹಲಗೆ ಬಳಕೆಯಲ್ಲಿದೆ, ಒಳ್ಳೆಯ ಪ್ಲೈವುಡ್ ಕೂಡ ಆದೀತು. ಮೊದಲು ರಟ್ಟಿನಲ್ಲಿ ಪೆಟ್ಟಿಗೆಯ ಮಾದರಿ ಮಾಡಿ ಸಂದಿಯಲ್ಲಿರಿಸಿ, ಆಸನ ಸರಿಯಾಗಿ ಕೂರುವುದೇ ಎಂದು ನೋಡಬೇಕು. ರಟ್ಟು ಕೆಟ್ಟರೆ ನಷ್ಟವಿಲ್ಲ, ಹಲಗೆ ಕೆಟ್ಟರೆ ಕಾಸು ಕಳೆಯುತ್ತದೆ. ಕೊಯ್ಯುವಾಗ ಏಳುವ ಸಣ್ಣ ಧೂಳು ಶ್ವಾಸಕೋಶಕ್ಕೆ ಕೇಡು. ಮೂಗು ಬಾಯಿಗಳಿಗೆ ಮುಸುಕು ಅವಶ್ಯ. ಹಲಗೆಗಳ ಅಂಚಿಗೆ ಮರದ ಅಂಟು ಹಚ್ಚಿ, ಬೈರಿಗೆಯಿಂದ ಮೊದಲು ತೂತು ಕೊರೆದು, ಅನಂತರವೇ ಸ್ಕ್ರೂ ಬಿಗಿಯಬೇಕು. ಇಲ್ಲವಾದರೆ ಹಲಗೆ ಸೀಳುತ್ತದೆ. ಒಳಗಿನ ಮೂಲೆಗಳಿಗೆಲ್ಲ ಸಿಲಿಕೋನ್ ಮೆತ್ತಿ, ಒಂದು ದಿನವಿಡೀ ಒಣಗಲು ಬಿಟ್ಟು, ಆಮೇಲೆ ಧ್ವನಿವರ್ಧಕವನ್ನು ಕೂಡಿಸಬೇಕು. ಕೆಲವು ಬಗೆಯ ಸಿಲಿಕೋನಿನ ಹಸಿ ಆವಿ ಪೊರೆಯ ಅಂಚನ್ನು ಕೆಡಿಸುತ್ತದೆ. ಒಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಹದವಾಗಿ ಹರವಿದರೆ ಪೆಟ್ಟಿಗೆ ಇದ್ದುದಕ್ಕಿಂತ ತುಸು ದೊಡ್ಡದರಂತೆ ವರ್ತಿಸುತ್ತದೆ. ಪೂರ್ತಿಯಾದ ಮೇಲೆ ಪೊರೆಯನ್ನು ಬೆರಳುಗಳಿಂದ ಮೃದುವಾಗಿ ಒತ್ತಿ ಬಿಡಿ: ಅದು ನಿಧಾನವಾಗಿ ಮರಳಿದರೆ ಮನೆ ಭದ್ರ, ಥಟ್ಟನೆ ಮರಳಿದರೆ ಎಲ್ಲಿಯೋ ಗಾಳಿ ಸೋರುತ್ತಿದೆ.

ಹಾಡಿಗಿಂತ ಹಿರಿದಾದದ್ದು

ಇನ್ನು ಹೇಳಬೇಕಾದ ಮಾತು ಎಲ್ಲಕ್ಕಿಂತ ಮುಖ್ಯವಾದುದು. ಪಿಕಪ್ಪುಗಳಲ್ಲಿ ಹಸುಳೆಗಳ ಆಸನವನ್ನು ಬಿಗಿಯುವ ಮೇಲ್ಪಟ್ಟಿಯ ಕೊಂಡಿಗಳು ಸಾಮಾನ್ಯವಾಗಿ ಈ ಹಿಂದಿನ ಸಂದಿಯಲ್ಲಿಯೇ ಇರುತ್ತವೆ. ಚಕ್ರ ಬದಲಿಸುವ ಜಾಕ್ ಕೂಡ ಹಲವು ಗಾಡಿಗಳಲ್ಲಿ ಅಲ್ಲಿಯೇ. ಪೆಟ್ಟಿಗೆ ಕೊಂಡಿಯನ್ನು ಮುಚ್ಚುವುದಾದರೆ, ಪೆಟ್ಟಿಗೆಯೇ ಕುಗ್ಗಬೇಕಲ್ಲದೆ ಕೊಂಡಿ ಮರೆಯಾಗಬಾರದು. ಮೇಲೆ ಹೇಳಿದ ಅಳತೆಯ ಪೆಟ್ಟಿಗೆ ಧ್ವನಿವರ್ಧಕಗಳೊಡನೆ ೨೦ ಕಿಲೋಗ್ರಾಮಿಗೂ ಮಿಕ್ಕಿ ತೂಗುತ್ತದೆ. ಅಪಘಾತದಲ್ಲಿ ಗಾಡಿ ನಿಂತರೂ ಬಿಗಿಯದ ಪೆಟ್ಟಿಗೆ ನಿಲ್ಲುವುದಿಲ್ಲ. ಅದರ ಮುಂದೆ ಕುಳಿತಿರುವವರು ನಮ್ಮ ಮಕ್ಕಳು. ಆದ್ದರಿಂದ ಗಾಡಿಯ ಲೋಹಕ್ಕೆ ಬೋಲ್ಟುಗಳಿಂದ ಅದನ್ನು ಬಿಗಿಯಲೇಬೇಕು. ಕೊರೆಯುವ ಮುನ್ನ ಅಡಿಯಲ್ಲಿ ಪೆಟ್ರೋಲಿನ ಕೊಳವೆ, ವಿದ್ಯುತ್ತಿನ ತಂತಿಗಳಿಲ್ಲವೆಂದು ನೋಡಿಕೊಳ್ಳಬೇಕು.

ವಿದ್ಯುತ್ತಿನ ವಿಷಯವೂ ಅಂತೆಯೇ. ೫೦೦ ವ್ಯಾಟಿನ ಆಂಪ್ಲಿಫೈಯರ್ ಪೂರ್ತಿಯಾಗಿ ದುಡಿಯುವಾಗ ೫೦ ಆಂಪಿಯರಿನ ಹತ್ತಿರ ಪ್ರವಾಹವನ್ನು ಸೆಳೆಯಬಲ್ಲದು. ಹ್ಯಾಲೊಜನ್ ಮುಂದೀಪಗಳೆರಡೂ ಕೂಡಿ ಸೆಳೆಯುವುದು ಸುಮಾರು ೯. ತಂತಿ ದಪ್ಪವಾಗಿರಬೇಕು; ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಫ್ಯೂಸ್ ಇರಬೇಕು. ತಂತಿಯ ಹೊದಿಕೆ ಎಲ್ಲಿಯಾದರೂ ಸವೆದು ಲೋಹಕ್ಕೆ ತಗುಲಿದರೆ ಬೆಂಕಿಯನ್ನು ತಡೆಯುವ ಕಾವಲುಗಾರ ಆ ಫ್ಯೂಸ್ ಒಂದೇ.

ಕಿವಿಯ ಕಾವಲು ಮಾತ್ರ ನಮ್ಮ ಕೈಯಲ್ಲಿಯೇ ಇದೆ. ದುಡಿಮೆಗಾರರ ಆರೋಗ್ಯವನ್ನು ವಿಚಾರಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ದಿನಕ್ಕೆ ಎಂಟು ಗಂಟೆಗಳಿಗೆ ೮೫ ಡೆಸಿಬೆಲ್ ಎಂದು ಮಿತಿ ಹೇಳಿದೆ. ಪ್ರತಿ ೩ ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗಬೇಕು. ಆ ಲೆಕ್ಕದಲ್ಲಿ ೧೦೦ ಡೆಸಿಬೆಲ್ಲಿಗೆ ಸಲ್ಲುವುದು ಹದಿನೈದೇ ನಿಮಿಷ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಚಿಗುರುವುದಿಲ್ಲ. ನೆರೆಹೊರೆಯವರ ನಿದ್ದೆಗೂ ಬೆಲೆಯಿದೆ. ಗಾಡಿಯ ಸಂಗೀತ ೫೦ ಅಡಿ ದೂರದಲ್ಲಿರುವವರಿಗೆ ಕೇಳಿಸಿದರೆ ಕ್ಯಾಲಿಫೋರ್ನಿಯದ ವಾಹನ ಕಾನೂನಿನಲ್ಲಿ ಅದು ತಪ್ಪು.

ಆದುದರಿಂದ ದೂರದಲ್ಲಿರುವ ಮಗ ಫೋನಿನಲ್ಲಿ ಈ ಹವ್ಯಾಸದ ಮಾತೆತ್ತಿದರೆ, ‘ಇದೆಲ್ಲ ಏಕಪ್ಪ ನಿನಗೆ?’ ಎಂದು ಗದರುವ ಬದಲು ಮೂರು ಪ್ರಶ್ನೆ ಕೇಳುವುದು ಒಳ್ಳೆಯದು. ಜಾಗ ಅಳೆದಾಯಿತೆ? ಪೆಟ್ಟಿಗೆಯನ್ನು ಬಿಗಿಯುವುದು ಎಲ್ಲಿಗೆ? ಮಗುವಿನ ಆಸನದ ಕೊಂಡಿ ಕೈಗೆ ಸಿಗುತ್ತದೆಯೆ? ಮೂರಕ್ಕೂ ಅವನಿಂದ ನೇರವಾದ ಉತ್ತರ ಬಂದರೆ ಹಲಗೆ ಕೊಯ್ಯಲು ಧಾರಾಳವಾಗಿ ಅಪ್ಪಣೆ ಕೊಡಬಹುದು.