ಅಪ್ಪ-ಅಮ್ಮ ಮತ್ತು ಸ್ಪ್ಯಾನಿಷ್‌ನ ‘ಸೆ’

ಆಕ್ಲೆಂಡಿಗೆ ಬಂದ ಎರಡನೇ ಸೆಮಿಸ್ಟರ್‌ನಲ್ಲಿ ಸ್ಪ್ಯಾನಿಷ್ ತಗೊಂಡೆ. ‘ನನ್ನ ಮನೆಯವರು’ ಅಂತ ಒಂದು ಪುಟ ಬರೆಯಬೇಕಿತ್ತು. ಊರಲ್ಲಿ ಅಪ್ಪನಿಗೆ ಮಂಡಿನೋವು, ಅಮ್ಮನಿಗೆ ಬಿಪಿ. ಇಬ್ಬರೂ “ನಂಗೇನಾಗಿಲ್ಲ” ಅಂತ ಇನ್ನೊಬ್ಬರ ಹತ್ರ ಮುಚ್ಚಿಡ್ತಾರೆ. ಅದನ್ನೇ ‘ಮಿಸ್ ಪಾದ್ರೆಸ್ ಸೆ ಎಂಗಾನ್ಯಾನ್’ ಎಂದು ಬರೆದೆ. ಟ್ಯೂಟರ್ ‘ಸೆ’ ಸುತ್ತ ಗೆರೆ ಎಳೆದು ಕೇಳಿದ್ರು: ತಮಗೆ ತಾವೇ ಮೋಸ ಮಾಡಿಕೊಳ್ತಾರಾ, ಒಬ್ಬರಿಗೊಬ್ಬರು ಮಾಡ್ತಾರಾ?

ತೊಡಕು ಇರೋದೇ ಇಲ್ಲಿ. ಕರ್ತೃ ಬಹುವಚನದಲ್ಲಿದ್ದಾಗ ‘ನೋಸ್’, ‘ಓಸ್’, ‘ಸೆ’ ಈ ಮೂರಕ್ಕೂ ಎರಡು ಅರ್ಥ: ತಮ್ಮನ್ನು ತಾವೇ, ಇಲ್ಲವೇ ಪರಸ್ಪರ. ನಮಗಿದು ಹೊಸದೇನಲ್ಲ. ನಮ್ಮ ‘ಕೊಳ್ಳು’ ಕೂಡ ಹೀಗೇ ಆಟ ಆಡುತ್ತೆ. ‘ಇಬ್ಬರೂ ತಲೆ ಬಾಚಿಕೊಂಡರು’ ಅಂದ್ರೆ ಅವರವರ ತಲೆ. ‘ಇಬ್ಬರೂ ತಬ್ಬಿಕೊಂಡರು’ ಅಂದ್ರೆ ಪರಸ್ಪರ. ‘ಹೊಡೆದುಕೊಂಡರು’ ಅಂದ್ರೆ? ಸಂದರ್ಭವೇ ಹೇಳಬೇಕು.

ಅನುಮಾನ ಬಂದ್ರೆ ಸ್ಪ್ಯಾನಿಷ್‌ನಲ್ಲಿ ‘ಎಲ್ ಊನೋ ಆಲ್ ಓತ್ರೋ’ ಸೇರಿಸ್ತಾರೆ. ಅದು ನಮ್ಮ ‘ಒಬ್ಬರಿಗೊಬ್ಬರು’. ಇಬ್ಬರೂ ಹೆಂಗಸರಾದ್ರೆ ‘ಲಾ ಊನಾ ಆ ಲಾ ಓತ್ರಾ’. ನಂಗೆ ತುಂಬಾ ಇಷ್ಟವಾದ ವ್ಯತ್ಯಾಸ ಒಂದಿದೆ. ನಾವು ವಿಭಕ್ತಿಯನ್ನು ಮೊದಲನೇ ‘ಒಬ್ಬರ’ ಮೇಲೆ ಹಾಕ್ತೀವಿ: ಒಬ್ಬರಿಗೊಬ್ಬರು, ಒಬ್ಬರನ್ನೊಬ್ಬರು, ಒಬ್ಬರಿಂದೊಬ್ಬರು. ಅವರು ‘ಆ’, ‘ದೆ’ಗಳನ್ನು ಎರಡನೇದರ ಹಿಂದೆ ಇಡ್ತಾರೆ. ಗೇಲಿ ಮಾಡೋ ಕ್ರಿಯಾಪದ ‘ದೆ’ ಕೇಳುತ್ತೆ, ಹಾಗಾಗಿ ‘ಸೆ ಬೂರ್ಲಾನ್ ಎಲ್ ಊನೋ ದೆಲ್ ಓತ್ರೋ’. ಅಲ್ಲಿ ಕಣ್ಮುಚ್ಚಿ ‘ಆಲ್’ ಹಾಕಿದ್ರೆ ತಪ್ಪು. ‘ತಮಗೆ ತಾವೇ’ ಅನ್ನೋದನ್ನೇ ಒತ್ತಿ ಹೇಳಬೇಕಿದ್ರೆ ‘ಆ ಸೀ ಮಿಸ್ಮೋಸ್’.

ಸ್ಪ್ಯಾನಿಷ್‌ನಲ್ಲಿಲ್ಲದ ಒಂದು ಸೌಕರ್ಯ ನಮಗಿದೆ, ‘ಆಡು’. ಹೊಡೆದಾಡು, ಬಡಿದಾಡು, ಕಿತ್ತಾಡು, ಕಚ್ಚಾಡು, ಗುದ್ದಾಡು: ‘ಒಬ್ಬರಿಗೊಬ್ಬರು’ ಹೇಳೋದೇ ಬೇಡ. ಆದ್ರೆ ಪಟ್ಟಿ ನೋಡಿ, ಬರೀ ಜಗಳ! ಪ್ರೀತಿಸೋಕೆ, ಸಹಾಯ ಮಾಡೋಕೆ ಮಾತ್ರ ಮತ್ತೆ ‘ಒಬ್ಬರನ್ನೊಬ್ಬರು’, ‘ಒಬ್ಬರಿಗೊಬ್ಬರು’ ಬೇಕೇ ಬೇಕು. (ಓಡಾಡು, ತಿರುಗಾಡು ಬೇರೆ ಜಾತಿ, ಅಲ್ಲಿ ಪರಸ್ಪರ ಇಲ್ಲ, ಮತ್ತೆ ಮತ್ತೆ ಅನ್ನೋ ಅರ್ಥ.)

ಬೀಳ್ಕೊಡುವಾಗ ಸ್ಪ್ಯಾನಿಷ್‌ನವರು ‘ನೋಸ್ ವೇಮೋಸ್’ ಅಂತಾರೆ, ಅಕ್ಷರಶಃ ‘ನಾವು ಪರಸ್ಪರ ನೋಡ್ತೀವಿ’. ಇಲ್ಲಿ ದಿನಾ ಕಿವಿಗೆ ಬೀಳೋ ಮಾವೋರಿಯ ‘ಕಾ ಕಿತೆ ಅನೋ’ದಲ್ಲಿ ಬರೀ ‘ಮತ್ತೆ ನೋಡೋದು’. ನಮ್ಮ ‘ಸಿಗೋಣ’ದಲ್ಲೂ ‘ಪರಸ್ಪರ’ ಇಲ್ಲ.

ಟ್ಯೂಟರ್ ಪ್ರಶ್ನೆಗೆ ಆ ಭಾನುವಾರ ಉತ್ತರ ಸಿಕ್ತು. ವಿಡಿಯೋ ಕಾಲ್‌ನಲ್ಲಿ ಅಪ್ಪ ಆಚೆ ಹೋದಾಗ, “ಮಾತ್ರೆ ತಗೊಂಡ್ಯಾ?” ಅಂದೆ. “ಅವ್ರಿಗೆ ತಗೊಂಡೆ ಅಂದಿದೀನಿ. ಒಂದಿನ ಬಿಟ್ರೆ ಏನೂ ಆಗಲ್ಲ ಕಣೋ” ಅಂದ್ಲು ಅಮ್ಮ. ‘ಎಲ್ ಊನೋ ಆಲ್ ಓತ್ರೋ’ ಸೇರಿಸಿದೆ. ಆಮೇಲೆ ‘ಈ ಆ ಸೀ ಮಿಸ್ಮೋಸ್’ ಅಂತಲೂ ಸೇರಿಸಿದೆ. ‘ಈ’ ಅಂದ್ರೆ ‘ಮತ್ತು’.